ಮೊದಲ ರೊಟ್ಟಿ ಯಾರದು

ಅಪ್ಪ ನಮ್ಮ ಮನೆಯ ದೇವರನ್ನು ಹೊರಗೆ ಹಾಕಿದ ದಿನ ನನಗೆ ಖುಷಿಯೋ ಖುಷಿ. ಯಾಕೆ ಸುಳ್ಳು ಹೇಳಲಿ? ದೇವರು ಹೋದರೆ ದೇವರ ಜಗಲಿ ಸಾರಿಸುವ ಕೆಲಸವೂ ಹೋದಂತೆ. ನಿಂಬರ್ಗಾದ ನಮ್ಮ ಮನೆಯಲ್ಲಿ ಇದ್ದದ್ದೇ ಎರಡು ಕೋಣೆ, ಮುಂದೆ ಪಡಸಾಲೆ, ಹಿಂದೆ ಅಡುಗೆಮನೆ. ಅಡುಗೆಮನೆಯ ಮೂಲೆಯಲ್ಲಿ, ಒಲೆಗೆ ಎದುರಾಗಿ, ಮಣ್ಣಿನದೊಂದು ಸಣ್ಣ ಕಟ್ಟೆ. ಅದೇ ಜಗಲಿ. ಮಂಗಳವಾರ, ಶುಕ್ರವಾರ ಸಾಲಿಗೆ ಹೋಗುವ ಮೊದಲು ಅದಕ್ಕೆ ಸಗಣಿ ಬಳಿದು ರಂಗೋಲಿ ಎಳೆಯುವುದು ನನ್ನ ಪಾಲಿಗೆ ಬಂದಿತ್ತು. ಕಟ್ಟೆಯ ಮೇಲೆ ಅಂಗೈಯಗಲದ ಹಿತ್ತಾಳೆಯ ಮುಖವೊಂದಿತ್ತು, ಘತ್ತರಗಿ ಭಾಗ್ಯವಂತಿಯದು. ಅವ್ವ ಅಫಜಲಪುರದ ಕಡೆಯವಳು, ಭೀಮಾ ದಂಡೆಯವಳು. ಲಗ್ನವಾಗಿ ಬರುವಾಗ ಅವಳ ಅವ್ವ ಆ ಮುಖವನ್ನು ಉಡಿಯಲ್ಲಿ ಹಾಕಿ ಕಳಿಸಿದ್ದಳು. ಕೊಡಲಿಕ್ಕೆ ಬಂಗಾರ ಇರಲಿಲ್ಲ, ದೇವಿಯನ್ನು ಕೊಟ್ಟಳು. ಅಪ್ಪ ಒಂದು ಮುಂಜಾನೆ ತನ್ನ ಹೆಗಲ ಮೇಲಿನ ಟವೆಲಿನಲ್ಲಿ ಆ ಮುಖ, ಗಂಟೆ, ಭಂಡಾರದ ಬಟ್ಟಲು ಎಲ್ಲ ಗಂಟು ಕಟ್ಟಿಕೊಂಡು ಹಳ್ಳದ ಕಡೆ ಹೊರಟ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಏಳಲಿಲ್ಲ. ಕೈಯೆಲ್ಲ ಹಿಟ್ಟಾಗಿತ್ತು.

"ಅಕಿ ನನ್ನ ತವರಿನಾಕಿ ಅದಾಳ್ರಿ," ಅಂದಳು.

"ತವರಿನಾಕಿ ಆದ್ರ ಭೇಷ್ ಆತು. ಹಳ್ಳದ ನೀರು ಭೀಮಾಕ್ಕ ಹೋಗಿ ಸೇರ್ತದ. ತನ್ನ ಊರಿಗಿ ತಾನಽ ಹೋಗ್ತಾಳ ಬಿಡು," ಅಂದ ಅಪ್ಪ.

ಮುಗೀತು. ಜಗಳವಿಲ್ಲ, ಅಳುವಿಲ್ಲ. ಅವ್ವನನ್ನು ಒಂದು ಮಾತು ಕೇಳಬೇಕಿತ್ತು ಅಂತ ಅಪ್ಪನಿಗೆ ಅನ್ನಿಸಲಿಲ್ಲ, ಓಣಿಯಲ್ಲಿ ಯಾರಿಗೂ ಅನ್ನಿಸಲಿಲ್ಲ, ನನಗಂತೂ ಅನ್ನಿಸಲೇ ಇಲ್ಲ.

ಅಪ್ಪನಿಗೆ ಕಾರಣ ಇರಲಿಲ್ಲ ಅಂತಲ್ಲ. ಅದನ್ನು ಹೇಳದೆ ಬರೀ ಬೈದರೆ ನನ್ನ ಬಾಯಿ ಸೇದಿ ಹೋಗಲಿ. ಅಪ್ಪ ಗೌಂಡಿ. ಆಳಂದದಿಂದ ಹಿಡಿದು ಮಾದನಹಿಪ್ಪರಗಾದವರೆಗೆ ಅವನು ಕಟ್ಟಿದ ಗೋಡೆಗಳು ಇವತ್ತಿಗೂ ಬಿರುಕು ಬಿಟ್ಟಿಲ್ಲ. ಒಂದು ಹಳ್ಳಿಯಲ್ಲಿ, ಹೆಸರು ಬೇಡ, ಗುಡಿಯ ಸುತ್ತಲಿನ ಗೋಡೆ ಅವನೇ ಕಟ್ಟಿದ್ದ. ಮುಗಿದ ದಿನ ತೆಂಗಿನಕಾಯಿ ಒಯ್ದರೆ ಅದೇ ಗೋಡೆಯ ಹೊರಗೆ ನಿಲ್ಲಿಸಿದರು. ಕಾಯಿ ಒಡೆದು ಅರ್ಧ ಹೋಳನ್ನು ದೂರದಿಂದ ಅವನ ಟವೆಲಿಗೆ ಎಸೆದರು. ಇನ್ನೂ ಹಿಂದಿನದು ಹೇಳಬೇಕೆಂದರೆ, ಅವನು ಹುಡುಗನಾಗಿದ್ದಾಗ ಅವನ ಅವ್ವ ದೊಡ್ಡವರ ಮನೆಯ ಲಗ್ನ ಮುಗಿದ ಮೇಲೆ ಹಿತ್ತಲ ಬಾಗಿಲಿಗೆ ಬುಟ್ಟಿ ಹಿಡಿದು ನಿಲ್ಲುತ್ತಿದ್ದಳಂತೆ. ಎಲೆಯ ಮೇಲೆ ಮಂದಿ ಬಿಟ್ಟದ್ದನ್ನು ಬುಟ್ಟಿಗೆ ಸುರಿಯುತ್ತಿದ್ದರು. ಆ ಬುಟ್ಟಿಯ ಹೂರಣ ಹೋಳಿಗೆಯ ರುಚಿ ಇನ್ನೂ ನಾಲಿಗೆ ಮೇಲೆ ಅದ, ಅದಕ್ಕೇ ನಾಲಿಗೆ ಕಿತ್ತು ಒಗೆಯಬೇಕು ಅನ್ನಿಸುತ್ತದ ಅಂತ ಅಪ್ಪ ಹೇಳುತ್ತಿದ್ದ. ದೀಕ್ಷೆ ತೆಗೆದುಕೊಂಡು ಬೌದ್ಧನಾಗಿ ಮನೆಗೆ ಬಂದ ದಿನ ಅವನು ಮಾಡಿದ ಮೊದಲ ಕಾನೂನು ಅದೇ.

"ಮಂದಿ ಎಂಜಲಾ ಇನ್ನಮ್ಯಾಗ ಈ ಮನಿ ಹೊಸ್ತಲಾ ದಾಟಬಾರ್ದು. ಮನುಷ್ಯಾಂದೂ ಇಲ್ಲ, ದೇವ್ರದೂ ಇಲ್ಲ."

ಆಮೇಲೆ ಮನೆ ಬದಲಾದದ್ದು ಖರೆ. ಅಪ್ಪ ಸೆರೆ ಕುಡಿಯುವುದು ಬಿಟ್ಟ. ಓಣಿಯಲ್ಲಿ ಹೆಂಡತಿಯ ಮೇಲೆ ಕೈ ಎತ್ತದ ಗಂಡಸು ಅವನೊಬ್ಬನೇ. ನನ್ನನ್ನು ಕೂಲಿಗೆ ಕಳಿಸಲಿಲ್ಲ, ಸಾಲಿಗೆ ಕಳಿಸಿದ. ಪ್ರತಿ ರವಿವಾರ ಪಡಸಾಲೆಯಲ್ಲಿ ಬುದ್ಧನ ಫೋಟೋ ಮುಂದೆ ಮೇಣದ ಬತ್ತಿ ಹಚ್ಚಿ, ಬಿಳಿ ಅಂಗಿ ತೊಟ್ಟವರು ಸಾಲಾಗಿ ಕೂತು ವಂದನೆ ಹೇಳುತ್ತಿದ್ದರು. ಆ ಪಾಲಿ ಸಾಲುಗಳು ಅಪ್ಪನಿಗೆ ಪುಸ್ತಕ ನೋಡಿದರೂ ತಡವರಿಸುತ್ತಿದ್ದವು. ಅಕ್ಷರ ಬಾರದ ಅವ್ವ ಒಳಗೆ ಬಂದವರಿಗೆ ಚುರುಮುರಿ ಸುಸಲಾ ಕಲಸುತ್ತ ಕೇಳಿ ಕೇಳಿಯೇ ಬಾಯಿಪಾಠ ಮಾಡಿಬಿಟ್ಟಿದ್ದಳು. ಅಪ್ಪ ನಡುವೆ ತಪ್ಪಿದರೆ ಒಳಗಿನಿಂದ ಅವಳ ದನಿ ಬಂದು ಸಾಲು ಹಿಡಿಯುತ್ತಿತ್ತು. ಮಂದಿ ತಲೆದೂಗುತ್ತಿದ್ದರು. ಅಪ್ಪನ ಎದೆ ಉಬ್ಬುತ್ತಿತ್ತು. ಅವಳ ಭಾಗವ್ವ ಅನ್ನುವ ಹೆಸರು ತೆಗೆದು ಸುಜಾತಾ ಅಂತ ಇಟ್ಟ. ಬುದ್ಧನಿಗೆ ಹಸಿವಾದಾಗ ಪಾಯಸ ಉಣಿಸಿದವಳ ಹೆಸರು ಅದು ಅಂತ ಎಲ್ಲರಿಗೂ ವಿವರಿಸುತ್ತಿದ್ದ. ಅಪ್ಪ "ಸುಜಾತಾ" ಅಂತ ಕೂಗಿದರೆ ಅವ್ವ ಎರಡನೇ ಸಲಕ್ಕೆ ಓ ಅನ್ನುತ್ತಿದ್ದಳು. ಬುದ್ಧನ ಮೇಲೆ ಅವಳಿಗೆ ಸಿಟ್ಟೇನೂ ಇರಲಿಲ್ಲ. "ಪಾಪ, ಶಾಂತ ಮುಖದಾಂವ. ಯಾರಿಗೂ ಏನೂ ಬೇಡಂಗಿಲ್ಲ," ಅನ್ನುತ್ತಿದ್ದಳು. ಆದರೆ ಅವನು ಪಡಸಾಲೆಯವನು. ಅಡುಗೆಮನೆಗೆ ಅವನು ಬಂದವನಲ್ಲ.

ಅಡುಗೆಮನೆಯ ಕಥೆ ಬೇರೆಯೇ ಇತ್ತು. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಒಂದು ರೂಢಿ. ಹಂಚಿನಿಂದ ಇಳಿದ ಮೊದಲ ರೊಟ್ಟಿ ಮನೆಯವರದಲ್ಲ. ಅದು ದೇವರ ಎಡಿ, ನೈವೇದ್ಯ. ಅದನ್ನು ಜಗಲಿಯ ಮುಂದೆ ಇಟ್ಟು, ಆಮೇಲೆ ಉಳಿದವರಿಗೆ. ಜಗಲಿ ಹೋದ ಮೇಲೂ ಅವ್ವನ ಕೈ ಸುಮ್ಮನಿರಲಿಲ್ಲ. ಮೊದಲ ರೊಟ್ಟಿಯನ್ನು ಬುಟ್ಟಿಗೆ ಹಾಕದೆ ಪಕ್ಕಕ್ಕೆ ಒಂದು ಮುಚ್ಚಳದ ಮೇಲೆ ಇಡುತ್ತಿದ್ದಳು. ಅಪ್ಪ ಗೋಡೆಗೆ ದಾರದ ಗುಂಡು ಇಳಿಬಿಟ್ಟು ಸೊಟ್ಟ ನೋಡುವ ಮನುಷ್ಯ. ಅವನ ಕಣ್ಣು ತಪ್ಪುತ್ತದೆಯೇ?

"ಇದು ಯಾರಿಗಿ?"

"ನಾಯಿಗ್ರಿ."

"ಬಿಸಿ ರೊಟ್ಟಿ ನಾಯಿಗಾ?"

"ಮತ್ತ ಯಾರರ ಬಂದ್ರ ಇರ್ಲಿ ಅಂತ ಇಟ್ಟೇನ್ರಿ."

"ಯಾರು ಬರ್ತಾರ ಅನ್ನೂದು ನಂಗೊತ್ತದ. ಇಲ್ಲಿ ತಾ."

ಮರುದಿನದಿಂದ ಅಪ್ಪ ಒಲೆಯ ಮುಂದೆ ಮಣೆ ಹಾಕಿಕೊಂಡು ಕೂರತೊಡಗಿದ. ಮೊದಲ ರೊಟ್ಟಿ ಹಂಚಿನಿಂದ ಏಳುತ್ತಲೇ ಅವನ ಗಂಗಾಳಕ್ಕೆ ಬೀಳಬೇಕು. ಪಲ್ಯ ಆಗಿರಲಿ ಬಿಡಲಿ, ಬೇಳೆ ಕುದಿಯುತ್ತಿರಲಿ ಬಿಡಲಿ, ಒಣ ರೊಟ್ಟಿಯನ್ನಾದರೂ ಶೇಂಗಾ ಹಿಂಡಿ ಹಚ್ಚಿಕೊಂಡು ಅಲ್ಲೇ ತಿನ್ನುತ್ತಿದ್ದ. ಕಾದೂ ಕಾಯದ ಹಂಚಿನ ಮೊದಲ ರೊಟ್ಟಿ, ಒಂದು ಕಡೆ ಹಸಿ, ಒಂದು ಕಡೆ ಕರಕು. ಅದೇನು ರುಚಿ ಅಂತ ತಿನ್ನುತ್ತಿದ್ದನೋ! ಕೆಲಸಕ್ಕೆ ಹೊತ್ತಿಗೆ ಮುಂಚೆ ಹೋಗಬೇಕಾದ ದಿನ ನನ್ನನ್ನು ಕರೆದು ಆ ಕೆಲಸ ವಹಿಸುತ್ತಿದ್ದ. ಸಂಜೆ ಬಂದು ಚಪ್ಪಲಿ ಬಿಡುವ ಮೊದಲೇ, "ಮೊದಲಿನ ರೊಟ್ಟಿ ನೀನಽ ತಿಂದಿ ಹೌದಲ್ಲ?" ಅಂತ ಕೇಳುತ್ತಿದ್ದ. ಗಂಡ ಹೆಂಡಿರ ಜಗಳ ಉಂಡು ಮಲಗೋತನಕ ಅಂತ ಗಾದೆ ಕಟ್ಟಿದವರು ನಮ್ಮ ಮನೆಗೆ ಒಮ್ಮೆ ಬಂದು ನೋಡಬೇಕಿತ್ತು. ನಮ್ಮಲ್ಲಿ ಜಗಳ ಇದ್ದದ್ದೇ ಊಟದಲ್ಲಿ. ಅದೂ ಮಾತಿಲ್ಲದ ಜಗಳ. ಅವಳು ಬಡಿಯುವುದು, ಅವನು ತಿನ್ನುವುದು, ನಡುವೆ ನಾನು ನೀರಿನ ತಂಬಿಗೆ ಹಿಡಿದು ಇಬ್ಬರ ಮುಖ ನೋಡುವುದು. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವ ಮಾತಿನ ಅರ್ಥ ನನಗೆ ಸಾಲಿಯಲ್ಲಿ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ನಾನು ದೊಡ್ಡವಳಾದ ವರ್ಷ ಅವ್ವ ನನಗೆ ರೊಟ್ಟಿ ಬಡಿಯುವುದನ್ನು ಕಲಿಸಲು ಕೂರಿಸಿದಳು. ಮಧ್ಯಾಹ್ನ, ಅಪ್ಪ ಕೆಲಸದ ಮೇಲಿದ್ದ. ಪರಾತದಲ್ಲಿ ಹಿಟ್ಟಿನ ಉಂಡೆ ಇಟ್ಟು ತಟ್ಟುತ್ತ ತಿರುಗಿಸಬೇಕು. ನನ್ನದು ತಿರುಗದೆ ಹರಿಯುತ್ತಿತ್ತು. ಅವ್ವ ನಗುತ್ತಿದ್ದಳು. ಅವಳು ನಗುವುದೇ ಅಪರೂಪ, ಹಾಗಾಗಿ ನನಗೂ ಸಲಿಗೆ ಬಂತು.

"ಯವ್ವಾ, ನಿನ್ನ ದೇವಿ ಪಾಪ ಇಷ್ಟ ವರ್ಷದಿಂದ ಉಪವಾಸ ಅದಾಳಲ್ಲ," ಅಂದೆ.

"ಅಯ್ಯ ಹುಚ್ಚಿ! ಅಕಿ ಯಾಕ ಉಪವಾಸ ಇರ್ತಾಳ?" ಅವ್ವ ಬಾಗಿಲ ಕಡೆ ಒಮ್ಮೆ ನೋಡಿದಳು. "ಮೊದಲಿನ ರೊಟ್ಟಿ ಬಡಿಯುವಾಗ ನಾ ಅಕಿ ಹೆಸರು ತೊಗೋತೇನಿ. ಹಂಚಿಗಿ ಬೀಳೂದ್ರಾಗ ಅಕಿ ಊಟ ಮುಗದಿರ್ತದ. ಆಮ್ಯಾಲ ಯಾರು ತಿಂದ್ರೇನು?"

"ಅಂದ್ರ ಅಪ್ಪ ತಿನ್ನೂದು..."

"ಪರಸಾದ ಬೇ. ದಿನಾ ಎರಡ ಹೊತ್ತು ಪರಸಾದ ತಿನ್ನಾಕತ್ತಾರ ನಿಮ್ಮಪ್ಪ. ಅದಕ್ಕಽ ಎತ್ತರದ ಗ್ವಾಡಿ ಮ್ಯಾಲಿಂದ ಒಮ್ಮಿಯರ ಬಿದ್ದಾರೇನು? ಅಕಿನಽ ಕಾಯಾಕತ್ತಾಳ. ಹೇಳಬ್ಯಾಡ ಮತ್ತ."

ನಾನು ಬಿದ್ದು ಬಿದ್ದು ನಕ್ಕೆ. ಆ ಸಂಜೆ ಅಪ್ಪ ಗತ್ತಿನಿಂದ ಮಣೆಯ ಮೇಲೆ ಕೂತು ಮೊದಲ ರೊಟ್ಟಿ ಮುರಿಯುವಾಗ ನಗು ತಡೆಯಲಾಗದೆ ಹಿತ್ತಲಿಗೆ ಓಡಿದ್ದೆ. ಆದರೆ ನಗು ಇಳಿದ ಮೇಲೆ ಹೆದರಿಕೆ ಬಂತು. ದೇವರು ಉಂಡದ್ದು ದೇವರನ್ನು ನಂಬುವವನಿಗೆ ಪ್ರಸಾದ. ನಂಬದವನಿಗೆ? ಹೊಸ್ತಿಲ ಹೊರಗೇ ನಿಲ್ಲಿಸಿದೆ ಅಂತ ಅಪ್ಪ ತಿಳಿದಿದ್ದ ಎಂಜಲು ದಿನವೂ ಅವನ ಗಂಗಾಳಕ್ಕೇ ಬೀಳುತ್ತಿತ್ತು. ಅವ್ವ ಅದನ್ನು ಅವನ ಮೇಲಿನ ಮಾಯೆಯಿಂದಲೇ, ಅಕ್ಕರೆಯಿಂದಲೇ ಮಾಡುತ್ತಿದ್ದಳು, ಅದರಲ್ಲಿ ಅನುಮಾನವಿಲ್ಲ. ಆದರೆ ಅಪ್ಪನಿಗೆ ಗೊತ್ತಾದರೆ ಅವನು ಅದನ್ನು ಮಾಯೆ ಅಂತ ತಿಳಿಯುವವನಲ್ಲ. ಅಂದಿನಿಂದ ನಾನು ಅಪ್ಪನ ಎದುರು ಬಾಯಿ ಬಿಗಿದುಕೊಂಡು ಇರುವುದನ್ನು ಕಲಿತೆ. ಇವತ್ತಿಗೂ ಮಂದಿ ನನ್ನನ್ನು ಬಿಗಿ ಹೆಂಗಸು ಅನ್ನುತ್ತಾರೆ. ಅನ್ನಲಿ.

ಅದೇ ವರ್ಷ ತೊಗರಿ ರಾಶಿಯ ಕಾಲಕ್ಕೆ ಸೋದರಮಾವ, ಅವ್ವನ ತಮ್ಮ, ಬಸ್ಸಿಗೆ ಬಂದ. ಪಡಸಾಲೆಯಲ್ಲಿ ಕೂತವನು ನೀರೂ ಕುಡಿಯಲಿಲ್ಲ.

"ಅವ್ವಗ ಭಾಳ ಆರಾಮಿಲ್ರಿ ಮಾವಾರ. ಕೂಳು ಬಿಟ್ಟಾಳ. ಮಗಳಿಗಿ ನೋಡಬೇಕು ಅಂತಾಳ. ಅಮಾಸಿ ದಿನ ಮಗಳ ಕೈಲೆ ದೇವಿಗಿ ದೀಡ ನಮಸ್ಕಾರ ಹಾಕಸ್ತೇನಿ ಅಂತ ಬೇಡ್ಕೊಂಡಾಳ. ಅದೊಂದು ಆದ್ರ ನೆಮ್ಮದಿಲೆ ಹೋಗ್ತೇನಿ ಅನ್ನಾಕತ್ತಾಳ."

ದೀಡ ನಮಸ್ಕಾರ ಅಂದರೆ ಹೊಳೆಯಲ್ಲಿ ಮುಳುಗಿ, ಒದ್ದೆ ಸೀರೆಯಲ್ಲೇ ಉದ್ದಕ್ಕೆ ನೆಲಕ್ಕೆ ಬಿದ್ದು, ಎದ್ದು, ಮತ್ತೆ ಬಿದ್ದು, ಗುಡಿಯವರೆಗೂ ಹೋಗುವುದು. ಅಪ್ಪ ಎಲ್ಲ ಕೇಳಿಸಿಕೊಂಡ. ಕೂಗಾಡಲಿಲ್ಲ. ಅಪ್ಪನ ಸಿಟ್ಟು ಯಾವತ್ತೂ ಕೂಗುವ ಸಿಟ್ಟಲ್ಲ.

"ತಾಯಿಗಿ ನೋಡಬ್ಯಾಡ ಅಂತ ನಾ ಅಂದಿಲ್ಲ. ಹೋಗ್ಲಿ. ಇವತ್ತಽ ಹೋಗ್ಲಿ. ಖರೆ ನನ್ನ ಹೆಂಡ್ತಿ ಮಂದಿ ಕಾಲಾಗ ಮಣ್ಣಾಗ ಹೊರಳೂದಿಲ್ಲ. ಅದೊಂದು ಮಾತು ಕೊಟ್ಟು ಹೋಗ್ಲಿ." ಅಷ್ಟಕ್ಕೇ ಬಿಟ್ಟಿದ್ದರೆ ಚಲೋ ಇತ್ತು. ನನ್ನನ್ನು ಕರೆದು ಅವ್ವನ ಮುಂದೆ ಕೂರಿಸಿದ. "ಮಗಳ ತಲಿ ಮ್ಯಾಲ ಕೈ ಇಟ್ಟು ಹೇಳು. ನಮಸ್ಕಾರ ಹಾಕಂಗಿಲ್ಲ ಅಂತ."

ಆಣೆ, ಪ್ರಮಾಣ, ಶಕುನ ಎಲ್ಲ ಮೂಢ ಅಂತ ರವಿವಾರ ರವಿವಾರ ಮಂದಿಗೆ ಹೇಳುವವನು ಅವನೇ. ಹೆಂಡತಿಯನ್ನು ಕಟ್ಟಿಹಾಕಲಿಕ್ಕೆ ಬೇಕಾದಾಗ ಅದೇ ಹಗ್ಗ ಕೈಗೆ ಬಂತು ನೋಡಿ! ನಾನು ತಲೆ ಬಗ್ಗಿಸಿ ಕೂತೆ. ಸುಮ್ಮನೆ ಕೈ ಇಡು ಯವ್ವಾ ಅಂತ ಒಳಗೊಳಗೇ ಬೇಡಿಕೊಂಡೆ. ನನಗೇನೂ ಆಗುವುದಿಲ್ಲ, ಸುಳ್ಳೇ ಹೇಳಿ ಬಸ್ಸು ಹತ್ತು. ಅವ್ವನ ಕಾಲಿನ ಉಂಗುರ ನನಗೆ ಕಾಣುತ್ತಿತ್ತು. ಅವಳ ಕೈ ಮಾತ್ರ ನನ್ನ ತಲೆಗೆ ಬರಲೇ ಇಲ್ಲ. ವರ್ಷಗಟ್ಟಲೆ ಗಂಡನ ಕಣ್ಣ ಮುಂದೆ ದೇವಿಯನ್ನು ಬಚ್ಚಿಟ್ಟುಕೊಂಡು ಬಾಳಿದವಳಿಗೆ ಒಂದು ಸುಳ್ಳು ಆಣೆ ಮಾಡಲು ಆಗಲಿಲ್ಲ. ಸುಮ್ಮನಿರುವುದು ಬೇರೆ, ಆಕೆಯ ಹೆಸರನ್ನು ಬಾಯಿಬಿಟ್ಟು ಇಲ್ಲ ಅನ್ನುವುದು ಬೇರೆ ಅಂತ ಅವಳ ಲೆಕ್ಕವಿತ್ತೇನೋ. ಎದ್ದು ಒಳಗೆ ಹೋದಳು. ಮಾವ ಒಬ್ಬನೇ ವಾಪಸು ಹೋದ. ಅಮಾವಾಸ್ಯೆ ಬರುವ ಮೊದಲೇ ಅಜ್ಜಿ ತೀರಿಕೊಂಡ ಸುದ್ದಿ ಬಂತು.

ಮಣ್ಣಿಗೆ ಹೋಗಿ ಬರಲು ಅಪ್ಪ ಯಾವ ಮಾತೂ ಕೇಳಲಿಲ್ಲ. ತಾನೇ ಕರೆದೊಯ್ದ, ಹೆಣಕ್ಕೆ ಹೆಗಲು ಕೊಟ್ಟ, ಖರ್ಚಿಗೂ ನಿಂತ. ಒಳ್ಳೆಯತನಕ್ಕೆ ಅವನಲ್ಲಿ ಬರ ಇರಲಿಲ್ಲ ಅಂದೆನಲ್ಲ. ತಿರುಗಿ ಬಂದ ಸಂಜೆ ಅವ್ವ ತಲೆ ಮೇಲೆ ನೀರು ಹಾಕಿಕೊಂಡು ಬಂದು ಒಲೆ ಹಚ್ಚಿದಳು. ಅಪ್ಪ ಎಂದಿನಂತೆ ಮಣೆ ಹಾಕಿ ಗಂಗಾಳ ಮುಂದಿಟ್ಟುಕೊಂಡ. ಅವತ್ತೊಂದು ದಿನ ಬಿಡಬಹುದಿತ್ತಲ್ಲ! ಅವತ್ತೊಂದು ದಿನ ಪಡಸಾಲೆಯಲ್ಲಿ ಕೂತು, ಎರಡನೆಯದೋ ಮೂರನೆಯದೋ ರೊಟ್ಟಿ ತಿಂದಿದ್ದರೆ ಇವನ ಧಮ್ಮ ಮುಳುಗಿ ಹೋಗುತ್ತಿತ್ತೇ? ಅವ್ವ ಮೊದಲ ರೊಟ್ಟಿ ಬಡಿದಳು. ತುಟಿ ಅಲುಗುವುದು ನನಗೆ ಕಂಡಿತು. ಹಂಚಿಗೆ ಹಾಕಿದಳು, ನೀರು ಸವರಿದಳು, ತಿರುವಿದಳು, ಅವನ ಗಂಗಾಳಕ್ಕೆ ಹಾಕಿದಳು. ಅಪ್ಪ ತುತ್ತು ಮುರಿದು ಬಾಯಿಗಿಟ್ಟ.

"ನಿಮ್ಮವ್ವ ಚಲೋ ಮನಸಿನಾಕಿ ಇದ್ಳು," ಅಂದ. ಸಮಾಧಾನ ಮಾಡಲಿಕ್ಕೇ ಅಂದ, ಅದೂ ನನಗೆ ಗೊತ್ತು. "ಕಲ್ಲು ಹಿತ್ತಾಳಿ ನಂಬಿ ನಂಬಿ ಏನು ಸಿಕ್ತು ಪಾಪ? ನೀ ನನ್ನ ಕೈ ಹಿಡದಿ, ಪಾರಾದಿ. ಇಲ್ಲಾಂದ್ರ ನೀನೂ ಮಂದಿ ಎಂಜಲದಾಗಽ ಇರ್ತಿದ್ದಿ."

ಅವ್ವ ಎರಡನೇ ಉಂಡೆ ಪರಾತಕ್ಕೆ ಇಟ್ಟಿದ್ದಳು. ಕೈ ನಿಂತಿತು.

"ಎಂಜಲಾ ತಿನ್ನಾಕತ್ತವರು ನಾ ಅಲ್ಲರಿ, ನೀವು."

"ಏನಂದಿ?"

"ಬಾಯಾಗಿರೂದು ಅಕಿ ಉಂಡು ಬಿಟ್ಟಿದ್ದು. ಇವತ್ತಲ್ಲ, ಹಳ್ಳಕ್ಕ ಒಗದ್ರಲ್ಲ ಅವತ್ತಿನಿಂದ. ಒಂದು ದಿನಾನೂ ಅಕಿಗಿ ಕೊಡಲಾರದಽ ನಿಮಗ ಹಾಕಿಲ್ಲ. ತಿನ್ರಿ. ಹೊಟ್ಟಿ ತುಂಬ ತಿನ್ರಿ."

ನನಗೆ ಹೇಳುವಾಗ ನಗುನಗುತ್ತ ಪರಸಾದ ಅಂದಿದ್ದವಳು ಅವನ ಎದುರು ಹುಡುಕಿ ಹುಡುಕಿ ಎಂಜಲು ಅನ್ನುವ ಮಾತನ್ನೇ ಎತ್ತಿದಳು. ತಾಯಿಯ ಹೆಣ ನೋಡಿ ಬಂದವಳು, ಬಿಡುತ್ತಾಳೆಯೇ? ಅಪ್ಪ ಬಾಯಲ್ಲಿದ್ದ ತುತ್ತನ್ನು ಕೈಗೆ ಉಗುಳಿಕೊಂಡ. ಅದನ್ನೇ ನೋಡುತ್ತ ಬಹಳ ಹೊತ್ತು ಕೂತ. ಮುಖದ ತುಂಬ ಸಣ್ಣ ಹುಡುಗನ ಕಳೆ ಬಂದಿತ್ತು, ಹಿತ್ತಲ ಬಾಗಿಲಲ್ಲಿ ಬುಟ್ಟಿ ಹಿಡಿದು ನಿಂತವಳ ಮಗನದು. ಅವನನ್ನು ನೋಡಲಾಗದೆ ನಾನು ಒಲೆಯ ಕಡೆ ತಿರುಗಿದೆ. ಹಂಚು ಬರಿದೇ ಕಾದು ಹೊಗೆ ಎದ್ದಿತ್ತು.

ಮರುದಿನ ಆಳಂದ ಸಂತೆಯಿಂದ ಅಪ್ಪ ಒಂದು ಸೀಮೆಎಣ್ಣೆ ಸ್ಟೋವು, ಒಂದು ಹಂಚು, ಒಂದು ಗಂಗಾಳ ತಂದ. ಪಡಸಾಲೆಯ ಮೂಲೆಯಲ್ಲಿ ತನ್ನ ಅಡುಗೆ ತಾನೇ ಹೂಡಿದ. ಇಟ್ಟಿಗೆ ಹಿಡಿದ ಕೈಗೆ ರೊಟ್ಟಿ ಒಗ್ಗಲಿಲ್ಲ, ದಪ್ಪ ದಪ್ಪ, ಅಂಚೆಲ್ಲ ಸೀಳು. ಅದನ್ನೇ ತಿಂದ. ಹೆಂಡತಿಯ ಕೈಯ ನೀರನ್ನೂ ಕುಡಿಯಲಿಲ್ಲ. ಚಹಾದ ಅಂಗಡಿಗಳಲ್ಲಿ ನಮ್ಮವರಿಗೆ ಬೇರೆ ಕಪ್ಪು ಇಡುತ್ತಾರೆ ಅಂತ ಊರೂರು ತಿರುಗಿ ತಕರಾರು ಮಾಡಿದ ಮನುಷ್ಯ, ತನ್ನ ಮನೆಯಲ್ಲಿ ತಾನೇ ಬೇರೆ ಗಂಗಾಳ ಇಟ್ಟುಕೊಂಡ! ಅದು ಅವನಿಗೆ ಹೊಳೆಯಲೇ ಇಲ್ಲವೋ, ಹೊಳೆದೂ ಸುಮ್ಮನಿದ್ದನೋ ನನಗೆ ತಿಳಿಯದು. ಅವ್ವ ಗೆದ್ದಳು ಅನ್ನುವಂತೆಯೂ ಇಲ್ಲ. ಈಗ ಬೇಕಾದರೆ ಮೊದಲ ರೊಟ್ಟಿಯನ್ನು ರಾಜಾರೋಷವಾಗಿ ಎಡಿ ಹಿಡಿಯಬಹುದಿತ್ತು, ಕೇಳುವವರಿರಲಿಲ್ಲ. ಆದರೆ ಅವಳ ಮುಖದಲ್ಲಿ ಜೀವ ಇರಲಿಲ್ಲ. "ಅಕಿ ಉಂಡಿದ್ದು ಇವರ ಹೊಟ್ಟಿಗಿ ಹೋಗ್ತಿತ್ತು, ನನಗ ಅಷ್ಟಽ ಬೇಕಾಗಿತ್ತು. ನಾನಽ ಬಾಯಿ ಸಡ್ಲ ಬಿಟ್ಟೆ," ಅಂದಳು ಒಮ್ಮೆ, ನನಗಲ್ಲ, ಒಲೆಗೆ. ರವಿವಾರದ ವಂದನೆ ಮಾತ್ರ ನಿಲ್ಲಲಿಲ್ಲ. ಮಂದಿ ಬಂದಾಗ ಸ್ಟೋವು ಮಂಚದ ಕೆಳಗೆ ಹೋಗುತ್ತಿತ್ತು.

ಆ ಮನೆ ನನ್ನನ್ನು ಹೇಗೆ ಮಾಡಿತು ಅಂತ ಕೇಳಿದರೆ, ಕೈ ಮುಗಿಯಲು ಬಾರದವಳನ್ನಾಗಿ ಮಾಡಿತು. ಬುದ್ಧನ ಮುಂದೆ ನಿಂತರೆ ಅವ್ವನಿಗೆ ಎದುರು ಬಿದ್ದಂತೆ, ದೇವಿಯ ಮುಂದೆ ನಿಂತರೆ ಅಪ್ಪನ ಮುಖಕ್ಕೆ ಹೊಡೆದಂತೆ. ಲಗ್ನವಾಗಿ ಜೇವರ್ಗಿಗೆ ಬಂದ ಹೊಸತರಲ್ಲಿ ನನ್ನ ಗಂಡ, ಪಾಪ ಒಳ್ಳೆಯವನು, "ನೀ ಯಾವ ದೇವರಿಗಿ ನಡಕೊಂತಿ?" ಅಂತ ಪ್ರೀತಿಯಿಂದಲೇ ಕೇಳಿದ. "ಅದೊಂದು ಕೇಳಬ್ಯಾಡ್ರಿ. ನಾನೂ ನಿಮಗ ಕೇಳಂಗಿಲ್ಲ," ಅಂದೆ. ನಮ್ಮದು ಸುಖದ ಸಂಸಾರ ಅಂತ ಮಂದಿ ಅನ್ನುತ್ತಾರೆ. ಜಗಳವಿಲ್ಲ ಅನ್ನುವುದು ಖರೆ. ಅವನ ಒಳಗೆ ಏನಿದೆ ಅಂತ ನನಗೂ ಗೊತ್ತಿಲ್ಲ, ನನ್ನ ಒಳಗೆ ಏನಿದೆ ಅಂತ ಅವನಿಗೂ ಗೊತ್ತಿಲ್ಲ.

ಈಚೆಗೆ ಅವ್ವನಿಗೆ ಲಕ್ವಾ ಹೊಡೆಯಿತು. ಮಾತು ಹೋಯಿತು. ದವಾಖಾನೆಯವರು ಮನೆಗೆ ಒಯ್ಯಿರಿ ಅಂದರು. ನಾನು ರಜೆ ಹಾಕಿ ನಿಂಬರ್ಗಾಕ್ಕೆ ಹೋದೆ. ಮನೆಗೆ ಗ್ಯಾಸು ಬಂದಿತ್ತು. ಒಂದು ಸಿಲಿಂಡರು ಅಡುಗೆಮನೆಯಲ್ಲಿ, ಒಂದು ಪಡಸಾಲೆಯಲ್ಲಿ. ಒಂದು ಮಧ್ಯಾಹ್ನ ಅಪ್ಪ ತನ್ನ ಒಲೆಯ ಮೇಲೆ ಗಂಜಿ ಕಾಯಿಸಿ, ಸೋಸಿ, ಆರಿಸಿ, ಬಟ್ಟಲು ಹಿಡಿದು ಒಳಗೆ ಬಂದ. ಅವ್ವನ ತಲೆ ಎತ್ತಿ ತನ್ನ ತೋಳಿಗೆ ಆನಿಸಿಕೊಂಡು ಚಮಚೆ ತುಟಿಯ ಹತ್ತಿರ ಹಿಡಿದ. ಅವ್ವ ಅವನನ್ನೇ ನೋಡಿದಳು. ಆಮೇಲೆ ಅವಳ ತುಟಿಗಳು ಸಣ್ಣಗೆ ಅಲುಗತೊಡಗಿದವು. ದನಿ ಇಲ್ಲ. ದನಿ ಬೇಕಾಗಿಯೂ ಇರಲಿಲ್ಲ. ಅಪ್ಪನ ಕೈ ಅಲ್ಲೇ ನಿಂತಿತು.

"ಇದು ನಿನ್ನ ಸಲುವಾಗಿ ಮಾಡೇನಿ ಬೇ ನಾ," ಅಂದ. "ಅಕಿಗಿ ಯಾಕ ಕೊಡ್ತಿ? ಇದೊಂದರ ನೀ ಮೊದಲು ತಿನ್ನು. ನನಕಿಂತ ಮೊದಲು ಅಕಿ, ನನಕಿಂತ ಮೊದಲು ಅಕಿ... ಆಯುಷ್ಯಾನಽ ಹೋತು."

ಧಮ್ಮ, ಮೂಢನಂಬಿಕೆ, ಮನುಷ್ಯನ ಇಜ್ಜತ್ತು ಅಂತ ಅವನು ಮಾಡಿದ ಭಾಷಣಗಳನ್ನೆಲ್ಲ ಕೇಳಿ ಬೆಳೆದವಳು ನಾನು. ಅಷ್ಟೆಲ್ಲದರ ಕೆಳಗೆ ಇದೊಂದು ಹೊಟ್ಟೆಕಿಚ್ಚು ಇತ್ತು ಅಂತ ಅವತ್ತು ತಿಳಿಯಿತು. ಅವ್ವ ತುಟಿ ಮುಚ್ಚಿದಳು. ಮುಚ್ಚಿದ್ದು ತೆಗೆಯಲಿಲ್ಲ. ಅಪ್ಪ ಬಟ್ಟಲು ನನ್ನ ಕೈಗೆ ಕೊಟ್ಟು ಹೊಸ್ತಿಲಲ್ಲಿ ಹೋಗಿ ಕೂತ, ನಮ್ಮ ಕಡೆ ಬೆನ್ನು ಮಾಡಿ. ನಾನು ಚಮಚೆ ಹಿಡಿದು ಕಾದೆ. ಅವ್ವ ಮತ್ತೆ ತುಟಿ ಅಲುಗಿಸಿ, ದೇವಿಯ ಹೆಸರು ಮುಗಿಸಿಕೊಂಡು ಬಾಯಿ ತೆರೆದಳು. ಅವನು ಮಾಡಿದ ಗಂಜಿಯನ್ನು ಒಂದು ಹನಿ ಬಿಡದೆ ಕುಡಿದಳು.

"ತಿಂದ್ಳೇನು?" ಅಂದ ಅಪ್ಪ, ತಿರುಗದೆ.

"ತಿಂದ್ಳು."

"ಎಲ್ಲಾ?"

"ಎಲ್ಲಾ."

ಆಮೇಲೆ ಕೇಳಿದ.

"ತುಟಿ ಅಲಗ್ತಿದ್ವಲ್ಲ... ನಡುವ ಒಮ್ಮಿಯರ ನನ್ನ ಹೆಸರು ಬಂತೇನು?"

ನಾನು ಅವ್ವನ ಗದ್ದ ಒರೆಸುತ್ತಿದ್ದೆ. ಹೂಂ ಅಂದುಬಿಡಬಹುದಿತ್ತು. ಅವ್ವನಿಗೆ ಇಲ್ಲ ಅನ್ನಲು ಬಾಯಿರಲಿಲ್ಲ, ಆ ಮುದುಕನಿಗೆ ಅಷ್ಟಾದರೂ ಸಾಕಾಗಿತ್ತು.

"ಇಲ್ಲಪ್ಪಾ," ಅಂದೆ. "ಬರಲಿಲ್ಲ."